ಐದನೆಯ ವಾಕ್ಯ

ಮಕ್ಕಳಿಗೆ ಓದು ಕಲಿಸಲೆಂದೇ ಅಚ್ಚು ಹಾಕುವ ವರ್ಕ್‌ಬುಕ್ಕುಗಳಷ್ಟು ಹೇಸಿಗೆ ಹುಟ್ಟಿಸುವ ಪುಸ್ತಕಗಳನ್ನು ನಾನು ಕಂಡಿಲ್ಲ. ನೀರು ಅಮೂಲ್ಯವಾದದ್ದು ಎಂದು ಒಂದು ಪ್ಯಾರಾ ಶುರುವಾಗುತ್ತದೆ. ಕೆಳಗೆ ಪ್ರಶ್ನೆ: ಈ ಪ್ಯಾರಾದ ಮುಖ್ಯ ವಿಚಾರವೇನು? ಉತ್ತರ: ನೀರು ಅಮೂಲ್ಯವಾದದ್ದು. ಇದಕ್ಕೊಂದು ಮಗು ಬೇರೆ ಬೇಕೇ?

ದೆಹಲಿಯ ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಮೂರನೆಯ ಮಹಡಿಯ ಕನ್ನಡದವರ ಮಗಳು, ಒಂಬತ್ತು ವರ್ಷದ ಹುಡುಗಿ, ಇಂಥ ಪುಸ್ತಕವೊಂದನ್ನು ಹಿಡಿದು ಏಳನೆಯ ಮಹಡಿಯ ನನ್ನ ಮನೆಗೆ ಬರತೊಡಗಿದಳು. ಯಾವ ಪ್ಯಾರಾ ಕೊಟ್ಟರೂ ಮೊದಲ ಸಾಲಿಗೆ ಗೆರೆ ಎಳೆದು ಪೆನ್ಸಿಲ್ ಕೆಳಗಿಡುತ್ತಿದ್ದಳು. ಟ್ಯೂಷನ್ ಸರ್ ಹೇಳಿಕೊಟ್ಟ ಉಪಾಯವಂತೆ. ಶಾಲೆಯ ಪರೀಕ್ಷೆಯಲ್ಲಿ ಆ ಉಪಾಯ ನಡೆಯದೆ ಅವಳಿಗೆ ಸೊನ್ನೆ ಸಿಗುತ್ತಿತ್ತು. "ಆಂಟಿ, ನೀವು ಗವರ್ನ್‌ಮೆಂಟ್ ಆಫೀಸಲ್ಲಿ ಇಷ್ಟು ವರ್ಷ ಬರೆದವರು, ನೀವೇ ಸ್ವಲ್ಪ ಹೇಳ್ಕೊಡಿ" ಎಂದು ಅವಳ ತಾಯಿ ಕೇಳಿಕೊಂಡಳು.

ಪಾಪ, ಆಕೆಗೆ ನನ್ನ ಕಸುಬು ಗೊತ್ತಿರಲಿಲ್ಲ. ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತಳಾಗುವವರೆಗೆ ನಾನು ಮಾಡಿದ್ದು ಮುಖ್ಯ ವಿಚಾರವನ್ನು ಬಚ್ಚಿಡುವ ಕೆಲಸ. ಮೊದಲು ಎರಡು ಒಳ್ಳೆಯ ಮಾತು, ಆಮೇಲೆ ಎರಡು ಕಾಳಜಿಯ ಮಾತು, ಐದನೆಯ ವಾಕ್ಯದಲ್ಲಿ 'ಇಲ್ಲ', ಕೊನೆಗೆ ಧನ್ಯವಾದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇದರಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ಕೆಲವರು ತಮ್ಮ ಅರ್ಜಿ ತಿರಸ್ಕೃತವಾದ ಕಾಗದಕ್ಕೂ ನನಗೆ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ಹುಡುಗಿ ಬರತೊಡಗುವ ಸುಮಾರು ಎರಡು ತಿಂಗಳ ಮೊದಲು ಸೊಸೈಟಿಯ ಅಧ್ಯಕ್ಷರು ನನ್ನ ಮನೆಗೆ ಬಂದು ಚಹಾ ಕುಡಿದರು. ಕೆಲಸದವರು ಕಸದ ಬಕೆಟ್ ಹಿಡಿದು ಲಿಫ್ಟಿನಲ್ಲಿ ಬರುತ್ತಾರೆ, ಬೆವರು ವಾಸನೆ, ಜನ ದೂರು ಹೇಳುತ್ತಿದ್ದಾರೆ ಎಂದರು. ಬಕೆಟ್ಟಿನಲ್ಲಿದ್ದದ್ದು ನಮ್ಮದೇ ಕಸ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. "ನೇರವಾಗಿ ಬರೆದ್ರೆ ಚೆನ್ನಾಗಿ ಕಾಣಲ್ಲ ಮೇಡಂ. ನಿಮ್ಮ ಡ್ರಾಫ್ಟಿಂಗ್ ಬೇಕು" ಎಂದರು. ನಾನು ಉಬ್ಬಿದೆ. ನಿವೃತ್ತಿಯಾದ ಮೇಲೆ ನನ್ನ ಬರವಣಿಗೆಯನ್ನು ಯಾರೂ ಕೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ಇಂಗ್ಲಿಷಿನಲ್ಲಿ ಆರು ವಾಕ್ಯ ಬರೆದುಕೊಟ್ಟೆ. ಅದನ್ನು ಲಿಫ್ಟಿನ ಪಕ್ಕ ಅಂಟಿಸಿ, ಮನೆಮನೆಗೂ ಒಂದೊಂದು ಪ್ರತಿ ಹಂಚಿದರು. ಕೆಲಸದವರು ಒಳಬರಲು ಬೇಕಾದ ಗೇಟ್ ಪಾಸ್ ಕೊಡುವುದೂ ಕಿತ್ತುಕೊಳ್ಳುವುದೂ ಅಧ್ಯಕ್ಷರ ಕೈಯಲ್ಲೇ ಇತ್ತು.

ನಮ್ಮ ಮನೆಯಲ್ಲಿ ಅಡುಗೆ ಮಾಡುವ ಹೆಂಗಸು ಮರುದಿನ ಏಳು ಮಹಡಿ ಹತ್ತಿ ಬಂದಳು. ಅವಳಿಗೆ ಮೊದಲೇ ಬಲಮಂಡಿ ಊದಿಕೊಂಡಿತ್ತು. "ದೀದಿ, ಕೆಳಗೆ ಏನೋ ಅಂಟಿಸಿದ್ದಾರಲ್ಲ, ಏನು ಬರೆದಿದೆ?" ಎಂದು ಹಿಂದಿಯಲ್ಲಿ ಕೇಳಿದಳು. ಲಿಫ್ಟು ಭಾರ ತಡೆಯುತ್ತಿಲ್ಲವಂತೆ, ಸ್ವಲ್ಪ ದಿನ ಕಡಿಮೆ ಬಳಸಬೇಕಂತೆ ಎಂದೆ. "ಅಚ್ಛಾ ದೀದಿ" ಎಂದು ಒಳಗೆ ಹೋದಳು. ಆ ಸಂಜೆ ಅವಳಿಗೊಂದು ನೋವಿನ ಮುಲಾಮು ತಂದುಕೊಟ್ಟು, ನಾನೆಷ್ಟು ಒಳ್ಳೆಯವಳು ಎಂದುಕೊಂಡೆ.

ಹುಡುಗಿಗೆ ನಾನು ಕಲಿಸಿದ್ದು ಸುಲಭದ ದಾರಿ. ಒಂದೊಂದೇ ವಾಕ್ಯವನ್ನು ರಬ್ಬರಿನಿಂದ ಮುಚ್ಚು. ಮುಚ್ಚಿದ ಮೇಲೂ ಪ್ಯಾರಾ ತಾನು ಹೇಳಬೇಕಾದ್ದನ್ನು ಹೇಳುತ್ತಿದ್ದರೆ ಆ ವಾಕ್ಯ ಬರೀ ಒಗ್ಗರಣೆ. ಯಾವುದನ್ನು ಮುಚ್ಚಿದರೆ ಪ್ಯಾರಾ ಮೂಕವಾಗುತ್ತದೋ ಅದೇ ಮುಖ್ಯ. ನಾಲ್ಕೈದು ದಿನದಲ್ಲಿ ಹುಡುಗಿ ಪಟಪಟನೆ ಹಿಡಿಯತೊಡಗಿದಳು.

ಒಂದು ದಿನ ಅವಳಿಗೂ ವರ್ಕ್‌ಬುಕ್ಕು ಸಾಕಾಯಿತು. "ಅಜ್ಜಿ, ಯೇ ಬಹುತ್ ಬೋರಿಂಗ್ ಹೈ, ಬೇರೆ ಪ್ಯಾರಾ ಕೊಡಿ" ಎನ್ನುತ್ತ, ಮೇಜಿನ ಮೇಲಿನ ಪೇಪರುಗಳ ಅಡಿಯಿಂದ ಒಂದು ಹಾಳೆ ಎಳೆದಳು. ನಾನು ಬರೆದ ನೋಟೀಸು. ಬೇಡವೆನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ರಬ್ಬರ್ ಇಟ್ಟಾಗಿತ್ತು. ಇಂಗ್ಲಿಷ್ ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋದಳು; ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"'ನಾವೆಲ್ಲ ಒಂದೇ ಕುಟುಂಬ.' ಇದು ತೆಗೆದ್ರೂ ಕುಛ್ ನಹೀಂ ಹೋತಾ." ಮುಂದಕ್ಕೆ ಸರಿಸಿದಳು. "'ನಮಗಾಗಿ ದುಡಿಯುವವರ ಮೇಲೆ ನಮಗೆ ಗೌರವವಿದೆ.' ಇದೂ ಬೇಡ." ಸ್ವಚ್ಛತೆಯ ಸಾಲೂ ಹೋಯಿತು, ಹಿರಿಯರ ಸುರಕ್ಷತೆಯ ಸಾಲೂ ಹೋಯಿತು. ಐದನೆಯದರಲ್ಲಿ ನಿಂತಳು. "'ಸಹಾಯಕ ಸಿಬ್ಬಂದಿ ಪರ್ಯಾಯ ವ್ಯವಸ್ಥೆಯನ್ನು ಬಳಸುವಂತೆ ಪ್ರೋತ್ಸಾಹಿಸಬೇಕಾಗಿ ವಿನಂತಿ.' ಪರ್ಯಾಯ ವ್ಯವಸ್ಥೆ ಅಂದ್ರೆ?"

"ಹಿಂಬದಿಯ ಸಣ್ಣ ಲಿಫ್ಟು" ಎಂದೆ.

"ಅದು ಕೆಟ್ಟು ಎಷ್ಟೋ ದಿನ ಆಯ್ತಲ್ಲ ಅಜ್ಜಿ?"

ಹುಡುಗಿ ಐದನೆಯ ವಾಕ್ಯವನ್ನು ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು. ಆಮೇಲೆ ದೊಡ್ಡ ದನಿಯಲ್ಲಿ, ಅಭ್ಯಾಸಬಲದಿಂದ ಹಿಂದಿಗೆ ತಿರುಗಿ, ಉತ್ತರ ಹೇಳಿದಳು: ಕೆಲಸದವರು ನಮ್ಮ ಲಿಫ್ಟಿನಲ್ಲಿ ಬರಬಾರದು, ಮೆಟ್ಟಿಲು ಹತ್ತಲಿ, ಅಷ್ಟೇ.

ಅಡುಗೆಮನೆ ಹತ್ತು ಹೆಜ್ಜೆಯೂ ದೂರವಿಲ್ಲ. ಲಟ್ಟಣಿಗೆಯ ಸದ್ದು ನಿಲ್ಲುತ್ತದೆಂದು ಕಾದೆ. ನಿಲ್ಲಲಿಲ್ಲ. ಎದ್ದು ಬಾಗಿಲಿಗೆ ಹೋದೆ. ಅಡುಗೆಯವಳು ರೊಟ್ಟಿಯಿಂದ ಕಣ್ಣೆತ್ತಲಿಲ್ಲ.

"ಅದು ನನಗೆ ಅವತ್ತೇ ಗೊತ್ತು ದೀದಿ. ಗಾರ್ಡ್ ಭಯ್ಯಾ ಒಂದೇ ಮಾತಲ್ಲಿ ಹೇಳಿದ್ದ. ಬರೆದವರು ನೀವು ಅಂತಾನೂ ಹೇಳಿದ್ದ."

"ಮತ್ತೆ ನನ್ನನ್ನ ಯಾಕೆ ಕೇಳಿದೆ?"

"ನೀವು ಏನು ಹೇಳ್ತೀರಿ ನೋಡೋಣ ಅಂತ."

ನನ್ನ ಮೇಲೆ ನನಗೇ ಅಸಹ್ಯವಾಯಿತು. ನಾನು ಸುಳ್ಳು ಹೇಳಿದ್ದನ್ನು ತಿಳಿದೇ ಎರಡು ತಿಂಗಳು ಅವಳು ನನಗೆ ಬಡಿಸಿದ್ದಳು, ನಾನು ಕೊಟ್ಟ ಮುಲಾಮನ್ನೂ ತೆಗೆದುಕೊಂಡಿದ್ದಳು. ಹುಡುಗಿ ಹಿಂದಿನಿಂದ ಬಂದು, "ಅಜ್ಜಿ, ಸರಿನಾ?" ಎಂದು ಹಾಳೆ ಚಾಚಿದಳು. ಸರಿ ಎಂದು ಟಿಕ್ ಹಾಕಿದೆ.

ಕೆಲಸ ಮುಗಿಸಿ ಅವಳು ಹೊರಟಾಗ ನಾನೂ ಚಪ್ಪಲಿ ಮೆಟ್ಟಿ ಹೊರಗೆ ಬಂದು ದೊಡ್ಡ ಲಿಫ್ಟಿನ ಗುಂಡಿ ಒತ್ತಿದೆ. ಲಿಫ್ಟು ಖಾಲಿ ಬಂತು. ಬಾ, ನಾನಿದ್ದೇನೆ, ಯಾರೇನು ಹೇಳುತ್ತಾರೋ ನೋಡೋಣ ಎಂದೆ. ಅವಳು ಕಾಲಿಡಲಿಲ್ಲ.

"ಗೇಟ್ ಪಾಸ್ ಕಿತ್ಕೊಳ್ಳೋದು ನಿಮ್ಮದಲ್ಲ ದೀದಿ, ನಂದು" ಎಂದು ಕಂಬಿ ಹಿಡಿದು ಮೆಟ್ಟಿಲಿಳಿಯತೊಡಗಿದಳು.