ದೊಡ್ಡಮ್ಮನ ದನಿಯಲ್ಲಿ ಬಂದ ಕರೆ

ತೀರ್ಥಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮ ಹೆಂಗಸರದ್ದೇ ಒಂದು ತಾಳಮದ್ದಳೆ ತಂಡ ಕಟ್ಟಿಕೊಂಡಿದ್ದಾರೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ವಾದ ಮಾಡುವುದು. ಅದಕ್ಕೆ ಬೇಕಾದ ತಯಾರಿ ತಂಡದವರಿಗೆಲ್ಲ ಮದುವೆಯಾದಾಗಿನಿಂದಲೇ ಇದೆ ಎಂದು ದೊಡ್ಡಪ್ಪ ಹೇಳುತ್ತಾರೆ, ದೊಡ್ಡಮ್ಮ ಹತ್ತಿರದಲ್ಲಿ ಇಲ್ಲದಾಗ. ಪ್ರತಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಅವರ ಮನೆಯ ಮಹಡಿಯಲ್ಲಿ ತಾಲೀಮು.

ತಾಲೀಮಿಗಿಂತ ಅದಕ್ಕೆ ಕರೆಯುವುದೇ ದೊಡ್ಡ ಕೆಲಸ. ಮೊದಲ ಸೋಮವಾರ ಯಾವುದೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ದೊಡ್ಡಮ್ಮ ಒಬ್ಬೊಬ್ಬರಿಗೂ ಫೋನು ಮಾಡುವರು. ಒಬ್ಬರ ಸೊಸೆಯ ಬಾಣಂತನ, ಇನ್ನೊಬ್ಬರ ಕೆಟ್ಟುಹೋದ ಮಿಕ್ಸಿ, ಎಲ್ಲ ವಿಚಾರಿಸಿ ಮುಗಿಯುವಷ್ಟರಲ್ಲಿ ಗಂಟಲು ಕೂತು, ಮಧ್ಯಾಹ್ನ ವಾದಕ್ಕೆ ದನಿಯೇ ಇರುತ್ತಿರಲಿಲ್ಲ.

ನಾನು ಸಾಗರದಲ್ಲಿ ಒಂದೆರಡು ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವವಳು. ಅದಕ್ಕಾಗಿ ಹಗಲೂ ರಾತ್ರಿ ಓಡುವ ಒಂದು ಸರ್ವರ್ ಬಾಡಿಗೆಗೆ ತೆಗೆದುಕೊಂಡಿದ್ದೇನೆ. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಕೆಲಸ ಮಾಡು ಎಂದು ಒಂದು ಸಾಲು ಬರೆದಿಟ್ಟರೆ ಅದು ತಾನಾಗಿ ಮಾಡಿಕೊಂಡು ಹೋಗುತ್ತದೆ. ಫೋನು ಮಾಡುವುದನ್ನೂ ಅದಕ್ಕೇ ಒಪ್ಪಿಸೋಣ ಎಂದೆ. ದೊಡ್ಡಮ್ಮ ಕೂಡಲೇ ಒಪ್ಪಿದರು. ಆದರೆ ಕರೆಯುವ ದನಿ ಮಾತ್ರ ತಮ್ಮದೇ ಇರಬೇಕು, ಬೇರೆ ಯಾರು ಕರೆದರೂ ಇವರು ಬರುವುದಿಲ್ಲ ಎಂದರು. "ನಾನು ಮಾತಾಡ್ತಾ ಇರದು. ಇವತ್ತು ಮೂರು ಗಂಟೆಗೆ ತಾಲೀಮು. ತಡ ಮಾಡ್ಬೇಡಿ" ಎಂದು ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡೆ. ಸರಿಯಾಗಿ ಕೇಳುತ್ತದೋ ಇಲ್ಲವೋ ನೋಡಲು ತಮ್ಮ ನಂಬರನ್ನೂ ಸೇರಿಸಲು ಹೇಳಿದರು.

ಸರ್ವರ್‌ಗೆ ಬರೆಯುವ ಸಾಲಿನಲ್ಲಿ ತಾರೀಖಿಗೊಂದು ಜಾಗ, ವಾರಕ್ಕೊಂದು ಜಾಗ ಇರುತ್ತದೆ. ಒಂದರಿಂದ ಏಳನೇ ತಾರೀಖು ಎಂದೂ ಸೋಮವಾರ ಎಂದೂ ತುಂಬಿದೆ. ಮೊದಲ ಏಳು ದಿನಗಳಲ್ಲಿ ಸೋಮವಾರ ಬರುವುದು ಒಂದೇ ತಾನೆ.

ಆ ತಿಂಗಳು ಗುರುವಾರ ಶುರುವಾಯಿತು. ಭಾನುವಾರ ದೊಡ್ಡಮ್ಮನಿಂದ ಫೋನು ಬಂತು.

"ಅಲ್ಲ ಮಾರಾಯ್ತಿ, ದಿನಾ ತಾಲೀಮು ಮಾಡದು ಒಳ್ಳೇದೇ. ಆದ್ರೆ ಭಾನುವಾರನೂ ಕರೀಬೇಕಾ ನೀನು?"

"ನಾನೆಲ್ಲಿ ಕರೆದೆ ದೊಡ್ಡಮ್ಮ? ಕರೀತಿರದು ನೀವು."

ಏನಾಯಿತೆಂದು ಒಂದೊಂದಾಗಿ ಕೇಳಿದೆ. ಆಮೇಲೆ ವಿಷಯ ಹೊರಬಂತು. ಗುರುವಾರದಿಂದ ಪ್ರತಿದಿನ ಬೆಳಿಗ್ಗೆ ಎಲ್ಲರಿಗೂ ಕರೆ ಹೋಗಿತ್ತು. ದೊಡ್ಡಮ್ಮನ ದನಿಯಲ್ಲೇ ಬಂದ ಕರೆಯನ್ನು ಪ್ರಶ್ನಿಸುವ ಧೈರ್ಯ ಯಾರಿಗಿದೆ? ಎಲ್ಲರೂ ಕೆಲಸ ಬಿಟ್ಟು ಬಂದಿದ್ದರು. ದೊಡ್ಡಮ್ಮನಿಗೂ ಅವರದೇ ದನಿ ತಡ ಮಾಡಬೇಡಿ ಎಂದು ಹೇಳಿತ್ತು. ತಂಡದವರೇ ಹೆಚ್ಚು ತಾಲೀಮು ಬೇಕೆಂದು ನನಗೆ ಹೇಳಿರಬೇಕು ಎಂದುಕೊಂಡು ಅವರು ದಿನವೂ ಮಹಡಿ ಗುಡಿಸಿ ಕಾದಿದ್ದರು.

ಇದೆಲ್ಲದರ ನಡುವೆ ಒಂದು ಮನಸ್ತಾಪವೂ ಆಗಿತ್ತು. ಹೊಸನಗರದಿಂದ ಬಸ್ಸಿನಲ್ಲಿ ಬರುವ ಒಬ್ಬ ನಿವೃತ್ತ ಟೀಚರ್ ತಂಡದಲ್ಲಿದ್ದಾರೆ. ಅವರು ಕರೆಗೆ ಉತ್ತರವಾಗಿ ತಮ್ಮ ಮಂಡಿನೋವಿನ ಕಥೆಯನ್ನೆಲ್ಲ ಹೇಳತೊಡಗಿದ್ದರಂತೆ. ಅದರ ಮಧ್ಯೆಯೇ ದೊಡ್ಡಮ್ಮ "ತಡ ಮಾಡ್ಬೇಡಿ" ಎಂದು ಫೋನು ಇಟ್ಟುಬಿಟ್ಟಿದ್ದಾರೆ! ಟೀಚರ್ ಕುಂಟುತ್ತಲೇ ಬಂದು, ಯಾರ ಹತ್ತಿರವೂ ಮಾತಾಡದೆ ಕೂತು, ಮಂತ್ರಿಯ ಪಾತ್ರ ಸಿಕ್ಕಿದ್ದೇ ತಡ, ರಾಜನಾಗಿದ್ದ ದೊಡ್ಡಮ್ಮನ ಬೆವರಿಳಿಸಿದರು. ಪ್ರಜೆಗಳ ನೋವು ಕೇಳದ ರಾಜನಿಗೆ ಕಿರೀಟವೇಕೆ ಎಂಬ ಅವರ ಪ್ರಶ್ನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಇದೆಂಥ ಸಿಟ್ಟು ಎಂದು ದೊಡ್ಡಮ್ಮನಿಗೆ ಆಗ ತಿಳಿಯಲೇ ಇಲ್ಲ.

ನಾನು ಆ ಸಾಲಿನ ನಿಯಮವನ್ನು ಹುಡುಕಿ ಓದಿದೆ. ತಾರೀಖು, ವಾರ ಎರಡನ್ನೂ ತುಂಬಿದರೆ ಸರ್ವರ್ ಎರಡೂ ಕೂಡಿಬರಲೆಂದು ಕಾಯುವುದಿಲ್ಲ. ಯಾವುದೊಂದು ಹೊಂದಿದರೂ ಸಾಕು. ಹೀಗೇ ಬಿಟ್ಟಿದ್ದರೆ ಮೊದಲ ವಾರ ದಿನವೂ ಕರೆದು, ಆಮೇಲೆ ಪ್ರತಿ ಸೋಮವಾರವೂ ಕರೆಯುತ್ತಿತ್ತು. ತಾರೀಖನ್ನು ಮಾತ್ರ ಉಳಿಸಿ, ಕರೆಯುವ ಮೊದಲು ಇವತ್ತು ಸೋಮವಾರವೇ ಎಂದು ನೋಡಿಕೊಳ್ಳುವಂತೆ ತಿದ್ದಿದೆ.

ಸರಿಯಾಯಿತು ಎಂದು ದೊಡ್ಡಮ್ಮನಿಗೆ ಹೇಳಿದರೆ ಅವರಿಗೆ ಅಷ್ಟೇನೂ ಖುಷಿಯಾಗಲಿಲ್ಲ. ದಿನಾ ಸೇರಿ ಎಲ್ಲರಿಗೂ ಮಾತು ಚುರುಕಾಗಿದೆ, ತಿಂಗಳಿಗೊಂದು ದಿನ ಸಾಲದು ಅಂತಾರೆ ಎಂದರು. ಕೊನೆಗೆ ಪ್ರತಿ ಸೋಮವಾರ ಎಂದು ತೀರ್ಮಾನವಾಯಿತು. ನಾನು ತಾರೀಖನ್ನೇ ಅಳಿಸಿ ವಾರ ಮಾತ್ರ ಬರೆದೆ.

ಟೀಚರ್ ಸಿಟ್ಟಿನ ಕಾರಣ ತಂಡದವರಿಂದ ತಿಳಿದ ಮೇಲೆ ಕರೆಯನ್ನು ಹೊಸದಾಗಿ ರೆಕಾರ್ಡ್ ಮಾಡಲೇಬೇಕೆಂದು ದೊಡ್ಡಮ್ಮ ಹಟ ಹಿಡಿದರು. ನಾನು ತೀರ್ಥಹಳ್ಳಿಗೆ ಹೋಗಿ ಫೋನನ್ನು ಅವರ ಮುಂದೆ ಹಿಡಿದೆ. "ಹುಷಾರಿದೀರಾ?" ಎಂದು ಕೇಳಿ ಸುಮ್ಮನಾದರು. ಮರೆತರೇನೋ ಎಂದು ನಾನು ಕಣ್ಸನ್ನೆ ಮಾಡಿದೆ. ಅವರು ಕೈಯಲ್ಲೇ ತಡಿ ಎಂದು, ಆ ಕಡೆ ಯಾರೋ ದೊಡ್ಡ ಕಥೆ ಹೇಳುತ್ತಿದ್ದಾರೋ ಎಂಬಂತೆ ತಲೆಯಾಡಿಸುತ್ತ ಕೂತರು. ಆಮೇಲೆ ನಿಧಾನವಾಗಿ, "ಹೌದಾ? ಹಂಗಾದ್ರೆ ನೋಡ್ಕಂಡು ಬನ್ನಿ" ಎಂದರು.