ಐವತ್ತು ಸೆಕೆಂಡಿನ ನೀಲಿ

ಕಾಲೇಜಿಗೆ ಪರಿಶೀಲನಾ ಸಮಿತಿ ಬಂದ ದಿನ ನಾನು ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೇಜಿಗೆ ಬೆನ್ನು ಮಾಡಿ ನಿಂತು, "ಗಮನಿಸಿ, ದ್ರಾವಣ ಈಗ ನೀರಿನಷ್ಟು ತಿಳಿಯಾಗಿದೆ. ಸರಿಯಾಗಿ ಮೂರು ನಿಮಿಷಕ್ಕೆ ನೀಲಿಯಾಗುತ್ತದೆ" ಎಂದೆ. ಸಮಿತಿಯ ಮೂವರೂ ನನ್ನ ಭುಜದಾಚೆ ಕಣ್ಣು ನೆಟ್ಟು ಕೂತಿದ್ದರು. ನನ್ನ ಮಾತಿಗೆ ಮೈಮರೆತಿದ್ದಾರೆಂದು ತಿಳಿದು ಇನ್ನೆರಡು ವಾಕ್ಯ ಸೇರಿಸಿದೆ. ಕೊನೆಗೆ ಅವರಲ್ಲಿ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಆಗ್ಲೇ ಆಗೈತಲ್ರಿ" ಎಂದರು. ತಿರುಗಿ ನೋಡಿದರೆ ಫ್ಲಾಸ್ಕು ಶಾಯಿ ಬಾಟಲಿಯ ಹಾಗೆ ಕಡುನೀಲಿಯಾಗಿ ಕೂತಿತ್ತು. ಮೂರು ನಿಮಿಷ ಎಲ್ಲಿ ಬಂತು, ಐವತ್ತು ಸೆಕೆಂಡಿಗೇ ಕೆಲಸ ಮುಗಿದಿತ್ತು.

ಪ್ರಯೋಗವೇನೂ ಕಷ್ಟದ್ದಲ್ಲ. ಒಂದು ಫ್ಲಾಸ್ಕಿನಲ್ಲಿ ಪೊಟ್ಯಾಸಿಯಂ ಅಯೋಡೈಡ್, ಗಂಜಿ, ಒಂದಿಷ್ಟು ಥಯೋಸಲ್ಫೇಟ್. ಇನ್ನೊಂದರಲ್ಲಿ ಪರ್‌ಸಲ್ಫೇಟ್. ಎರಡನ್ನೂ ಕೂಡಿಸಿದರೆ ಪರ್‌ಸಲ್ಫೇಟು ಅಯೋಡೈಡನ್ನು ನಿಧಾನಕ್ಕೆ ಅಯೋಡಿನ್ ಮಾಡುತ್ತ ಹೋಗುತ್ತದೆ. ಹುಟ್ಟಿದ್ದನ್ನು ಹುಟ್ಟಿದ ಹಾಗೇ ಥಯೋಸಲ್ಫೇಟು ನುಂಗುತ್ತದೆ. ನುಂಗುವ ಥಯೋಸಲ್ಫೇಟು ಖರ್ಚಾದ ಗಳಿಗೆ, ಮಿಕ್ಕ ಅಯೋಡಿನ್ ಗಂಜಿಯ ಕೈಗೆ ಸಿಕ್ಕಿ ಎಲ್ಲ ಒಮ್ಮೆಲೇ ನೀಲಿ. ನಮ್ಮ ಲ್ಯಾಬಿನ ಅಳತೆಗೆ ಇದಕ್ಕೆ ಮೂರು ನಿಮಿಷ. ಅಷ್ಟೇ ಉದ್ದದ ಭಾಷಣ ಬರೆದು, ಸರಸ್ವತಿ ನಗರದ ನಮ್ಮ ಅಡುಗೆಮನೆಯಲ್ಲಿ ಕುಕ್ಕರಿನ ಎದುರು ನಾಲ್ಕು ದಿನ ಅಭ್ಯಾಸವನ್ನೂ ಮಾಡಿದ್ದೆ. ಕುಕ್ಕರು ನನಗಿಂತ ಚೆನ್ನಾಗಿ ಸಮಯ ಪಾಲಿಸಿತ್ತು.

ಅವಮಾನದಲ್ಲಿ ಬಾಯಿ ತಾನಾಗಿ ತೆರೆದುಕೊಂಡಿತು. "ಅಟೆಂಡರ್ ದ್ರಾವಣ ತಪ್ಪು ಮಾಡಿರಬೇಕು" ಎಂದುಬಿಟ್ಟೆ.

ಬಾಗಿಲ ಹತ್ತಿರ ನಿಂತಿದ್ದ ಅಟೆಂಡರ್ ಉಜ್ಜನಪ್ಪ ಗೋಡೆಯ ಗಡಿಯಾರ ನೋಡಿದರು, ಅಷ್ಟೇ.

ಉಜ್ಜನಪ್ಪ ಹುಟ್ಟಿದ್ದು ನಂದಿಗುಡಿಯಲ್ಲಿ. ಮನೆ ಹರಿಹರದಲ್ಲಿ, ನೌಕರಿ ದಾವಣಗೆರೆಯಲ್ಲಿ. ಮೂವತ್ತೊಂದು ವರ್ಷದಿಂದ ಬೆಳಿಗ್ಗೆ ಎಂಟರ ಬಸ್ಸು. ಪಿಯುಸಿಯಲ್ಲಿ ಕೆಮಿಸ್ಟ್ರಿಯೊಂದರಲ್ಲೇ ಫೇಲಾದವರು. ಅದನ್ನು ಕೆದಕಿದರೆ, "ಪಾಸಾದೋರು ಹೊರಗೆ ನಿಂತು ಮಾತಾಡ್ತೀರಿ. ಫೇಲಾಗಿದ್ದಕ್ಕೆ ನಾನು ಅದರೊಳಗೇ ಉಳ್ಕಂಡೀನಿ" ಎನ್ನುತ್ತಾರೆ. ಬಲಗೈಯ ಎರಡು ಬೆರಳು ಅಯೋಡಿನ್ ತಾಗಿ ತಾಗಿ ಕಾಯಂ ಕಂದು. ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ಅಯೋಡಿನ್ ಸೀಸೆ ಸದಾ ಇರುತ್ತದೆ. ಹರಿಹರದ ಸಂತೆಯಲ್ಲಿ ಬೆಣ್ಣೆ ಕಂಡರೆ ಸಾಕು, ಗಂಜಿಯನ್ನೋ ಬೇಯಿಸಿದ ಗೆಡ್ಡೆಯನ್ನೋ ಬೆರೆಸಿದ್ದಾರೇನೋ ಎಂದು ಒಂದು ಹನಿ ಬಿಟ್ಟು ನೋಡುತ್ತಾರೆ. ಬೆರೆಸಿದ್ದರೆ ನೀಲಿ. ಬೆಣ್ಣೆ ಮಾರುವ ದುರುಗವ್ವನ ಬುಟ್ಟಿಗೂ ಒಮ್ಮೆ ಹನಿ ಬಿತ್ತು.

"ಚೊಕ್ಕ ಬೆಣ್ಣೆ ಐತೆ ಬಿಡವ್ವ" ಎಂದು ಇವರು ಸರ್ಟಿಫಿಕೇಟು ಕೊಟ್ಟರು.

"ನನ್ನ ಬೆಣ್ಣೆ ಪಾಸಾತು, ಗಿರಾಕಿ ಎಲ್ಲಾ ಓಡಿಹೋದ್ರು. ನಿನ್ನ ಔಷಧಿ ಬಿದ್ದ ಬೆಣ್ಣೆ ಯಾರು ತಿಂತಾರೋ ಯಪ್ಪಾ?" ಎಂದಳು ದುರುಗವ್ವ. ಅಂದಿನಿಂದ ಇವರನ್ನು ದೂರದಿಂದ ಕಂಡರೂ ಬುಟ್ಟಿಗೆ ಸೆರಗು ಮುಚ್ಚುತ್ತಾಳೆ. ಮನೆಯಲ್ಲಿ ಹೆಂಡತಿ ಕಸ್ತೂರಮ್ಮ ಕೂಡ ಹಿಟ್ಟಿನ ಡಬ್ಬಿಯ ಹತ್ತಿರ ಸೇರಿಸುವುದಿಲ್ಲವಂತೆ.

ಇಂಥ ಮನುಷ್ಯನಿಗೆ ನನ್ನ ಒಂದು ಮಾತಿನಿಂದ ಅಂದು ಸಂಜೆಯೇ ಪ್ರಿನ್ಸಿಪಾಲರ ನೋಟಿಸ್ ಬಂತು. ನಾಳೆ ನಾಲ್ಕು ಗಂಟೆಯೊಳಗೆ ಲಿಖಿತ ವಿವರಣೆ ಕೊಡಬೇಕು, ಇಲ್ಲದಿದ್ದರೆ ಸರ್ವಿಸ್ ಬುಕ್ಕಿನಲ್ಲಿ ನಮೂದಾಗುತ್ತದೆ. ಉಜ್ಜನಪ್ಪ ನಿವೃತ್ತರಾಗಲು ಉಳಿದದ್ದು ಹದಿನೆಂಟು ದಿನ.

ಮರುದಿನ ಅವರು ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಅಯೋಡಿನ್ ಸೀಸೆಯ ಹಿಂದೆ ಇಟ್ಟುಕೊಂಡು ಬಂದರು. "ಸರ್, ನನ್ನ ಪುಸ್ತಕದಾಗೆ ಇಲ್ಲೀತನಕ ಕೆಂಪು ಶಾಯಿ ಬಿದ್ದಿಲ್ಲ. ಯಾಕ ಹಿಂಗಾತು ಅಂತ ನೋಡಾಣ, ಬರ್ರಿ."

ನಾನು ಬೋರ್ಡಿನ ಮುಂದೆ ನಿಂತು ಕಾರಣ ಹುಡುಕಿದೆ. "ಬಿಸಿಲು ಜಾಸ್ತಿ ಉಜ್ಜನಪ್ಪಾ. ಶಾಖ ಏರಿದರೆ ವೇಗವೂ ಏರುತ್ತೆ."

"ಬಿಸಿಲು ನನ್ನ ಫ್ಲಾಸ್ಕಿಗೂ ಬೀಳ್ತೈತಲ್ರಿ" ಎಂದು ಅವರು ತಾವು ಮಾಡಿಟ್ಟಿದ್ದ ದ್ರಾವಣಗಳನ್ನು ಕೂಡಿಸಿ ಗಡಿಯಾರ ನೋಡುತ್ತ ನಿಂತರು. ಅವರು ಫ್ಲಾಸ್ಕನ್ನು ನೋಡುವುದೇ ಇಲ್ಲ. "ಈಗ" ಎಂದರು. ನೀಲಿಯಾಯಿತು. ಮೂರು ನಿಮಿಷ ಎರಡು ಸೆಕೆಂಡು.

ಆಮೇಲೆ ನಿನ್ನೆ ನನ್ನ ಫ್ಲಾಸ್ಕಿನಲ್ಲಿ ಮಿಕ್ಕಿದ್ದ ಪರ್‌ಸಲ್ಫೇಟ್ ತೆಗೆದರು. ಚೆಲ್ಲದೆ ಎತ್ತಿಟ್ಟಿದ್ದರು. ಐವತ್ತು ಸೆಕೆಂಡಿಗೆ ನೀಲಿ.

"ಇದು ನಾನು ಕೊಟ್ಟಾಗ ಫ್ಲಾಸ್ಕಿನ ಗೆರೆಗಿಂತ ಕಮ್ಮಿ ಇತ್ತಲ್ರಿ. ಮೇಲೆ ನೀವೇನು ಹಾಕಿದ್ರಿ?"

"ನೀರು."

"ಯಾವ ನೀರು?"

ನನ್ನ ಕಣ್ಣು ತಾನಾಗಿ ಮೇಜಿನ ತುದಿಗೆ ಹೋಯಿತು. ಅಲ್ಲಿ ನನ್ನ ತಾಮ್ರದ ಬಾಟಲಿ ಹೊಳೆಯುತ್ತಿತ್ತು. ಐವತ್ತು ದಾಟಿದವರಿಗೆ ತಾಮ್ರದ ನೀರು ಒಳ್ಳೆಯದೆಂದು ಮೊಬೈಲಿನಲ್ಲಿ ಯಾರೋ ಹೇಳಿದ ಮೇಲೆ ನನ್ನ ಹೆಂಡತಿ ದಿನಾ ಅದನ್ನು ಹುಣಸೆಹಣ್ಣು, ಉಪ್ಪು ಹಾಕಿ ಒಳಗೂ ಹೊರಗೂ ತಿಕ್ಕಿ, ನೀರು ತುಂಬಿಸಿ ಕಳಿಸುತ್ತಾಳೆ. ನಿನ್ನೆ ಸಮಿತಿ ಮೆಟ್ಟಿಲು ಹತ್ತುವಾಗ ಡಿಸ್ಟಿಲ್ಡ್ ವಾಟರಿಗೆ ಒಳಗೆ ಹೋಗುವಷ್ಟು ಪುರುಸೊತ್ತಿರಲಿಲ್ಲ. ಗೆರೆ ಮುಟ್ಟಲೆಂದು ಅರ್ಧ ಲೋಟದಷ್ಟು ಬಾಟಲಿಯಿಂದಲೇ ಸುರಿದಿದ್ದೆ.

ಉಜ್ಜನಪ್ಪ ಬೇರೆ ಫ್ಲಾಸ್ಕಿಗೆ ಅದೇ ಬಾಟಲಿಯ ನೀರು ಹಾಕಿ ನೋಡಿದರು. ನಲವತ್ತೆಂಟು ಸೆಕೆಂಡು.

ಈ ಕ್ರಿಯೆಯನ್ನು ತಾಮ್ರ, ಕಬ್ಬಿಣದ ಲವಲೇಶವೂ ಓಡಿಸುತ್ತದೆ ಎಂದು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ತಾಮ್ರ ಮದುವೆ ದಲ್ಲಾಳಿ ಇದ್ದ ಹಾಗೆ, ಅಯೋಡೈಡಿನ ಮನೆಯಲ್ಲಿ ಎಲೆಕ್ಟ್ರಾನ್ ಇಸಕೊಂಡು ಪರ್‌ಸಲ್ಫೇಟಿನ ಮನೆಗೆ ಕೊಡುತ್ತದೆ. ಮದುವೆ ಬೇಗ ಮುಗಿಯುತ್ತದೆ, ದಲ್ಲಾಳಿ ಬಂದ ಹಾಗೇ ವಾಪಸು ಹೋಗುತ್ತಾನೆ ಎಂದು ಹೇಳಿ ಹುಡುಗರನ್ನು ನಗಿಸುತ್ತೇನೆ. ನಿನ್ನೆ ಆ ದಲ್ಲಾಳಿಯನ್ನು ಕೈಹಿಡಿದು ಕರೆತಂದವನೇ ನಾನು.

"ಉಜ್ಜನಪ್ಪಾ," ಎಂದೆ ಸ್ವಲ್ಪ ಮೆತ್ತಗೆ, "ನೀರಿನ ದೋಷ ಅಂತ ಬರೆದುಕೊಟ್ಟರೆ ಸಾಕಲ್ಲವೆ? ಬಾಟಲಿ ಗೀಟಲಿ ಯಾಕೆ?"

"ಇಲ್ಲಿ ಡಿಸ್ಟಿಲ್ಡ್ ನೀರು ಕಾಸಿ ಇಳಿಸೋನೂ ನಾನೇ ಅಲ್ಲೇನ್ರಿ" ಎಂದರು.

ನಾಲ್ಕಕ್ಕೆ ಐದು ನಿಮಿಷವಿತ್ತು. ಬಾಟಲಿ ಹಿಡಿದುಕೊಂಡು ಅವರೊಂದಿಗೆ ಪ್ರಿನ್ಸಿಪಾಲರಾದ ಪ್ರೇಮಲತಾ ಮೇಡಂ ಕೋಣೆಗೆ ಹೋದೆ. ಒಂದೊಂದೇ ಹೇಳಿದೆ: ಗೆರೆ, ಅವಸರ, ಹುಣಸೆಹಣ್ಣು, ತಾಮ್ರ. ಮೇಡಂ ನನ್ನ ಬಾಟಲಿಯನ್ನು ನೋಡಿದರು. ಬಳಿಕ ತಮ್ಮ ಮೇಜಿನ ಮೇಲಿದ್ದ, ಅದೇ ಅಂಗಡಿಯದೇ ಇರಬಹುದಾದ ಇನ್ನೊಂದು ತಾಮ್ರದ ಬಾಟಲಿಯನ್ನು ಮೆಲ್ಲಗೆ ಫೈಲುಗಳ ಹಿಂದಕ್ಕೆ ಸರಿಸಿದರು.

"ಸರಿ. ಆದ್ರೆ ನೋಟಿಸ್ ಕೊಟ್ಟಾಗಿದೆ" ಎಂದು ಪೆನ್ನು ತೆಗೆದರು. ಶಾಯಿ ಕೆಂಪು. "ಫೈಲ್ ಮುಚ್ಚಬೇಕಂದ್ರೆ ತಪ್ಪು ಯಾರದು ಅಂತ ಒಂದು ಹೆಸರು ಬರೀಲೇಬೇಕು."

ನನ್ನ ಸರ್ವಿಸ್ ಇನ್ನೂ ಒಂಬತ್ತು ವರ್ಷ ಇದೆ. ನಾನು ಫ್ಯಾನು ನೋಡಿದೆ.

"ನೀವೇ ಹೇಳಿ ಉಜ್ಜನಪ್ಪ, ಯಾರ ಹೆಸರು ಬರೀಲಿ?"

ಉಜ್ಜನಪ್ಪ ಗೋಡೆಯ ಗಡಿಯಾರ ನೋಡಿದರು.

"ತಾಮ್ರದ ಹೆಸರು ಬರೀರಿ ಮೇಡಂ. ಅದಕ್ಕೆ ಸರ್ವಿಸ್ ಬುಕ್ ಇಲ್ಲ."