ಮೊದಲ ಸಾಲಿನ ಹೆಸರು

ಕೆಲಸಕ್ಕೆ ಕೂರುವ ಮುನ್ನ ಅಕ್ಕ ಬಲಗೈಯ ಹಸಿರು ಬಳೆಗಳನ್ನು ಮೊಣಕೈಯತ್ತ ಏರಿಸಿಕೊಳ್ಳುತ್ತಿದ್ದರು. ಬಳೆ ಕೆಳಗಿಳಿಯಿತೆಂದರೆ ಮುಗಿಯಿತು, ಬ್ರಹ್ಮ ಬಂದು ಕರೆದರೂ ಕೀಬೋರ್ಡ್ ಮುಟ್ಟುತ್ತಿರಲಿಲ್ಲ.

ಇಂದಿರಾನಗರದಲ್ಲಿ ಮೆಟ್ರೊ ಕಂಬಗಳು ಏಳುವುದಕ್ಕೂ ಮುಂಚಿನ ಮಾತು. ಅಲ್ಲಿನ ಪುಟ್ಟ ಆಫೀಸಿನಲ್ಲಿ ಅವರು ನನ್ನ ಸೀನಿಯರ್. ಧಾರವಾಡದ ಕಡೆಯವರು, ಬೈಯಪ್ಪನಹಳ್ಳಿಯಲ್ಲಿ ಮನೆ. ಜನ ಪ್ರಶ್ನೆ ಕೇಳಿ ಉತ್ತರ ಪಡೆಯುವ ಒಂದು ವೆಬ್ ಫೋರಂಗೆ ನಾವು ಪ್ಲಗಿನ್, ಅಂದರೆ ಅದಕ್ಕೆ ಹೊಸ ಸೌಲಭ್ಯ ಜೋಡಿಸುವ ಪುಟ್ಟ ಪ್ರೋಗ್ರಾಂಗಳನ್ನು ಬರೆಯುತ್ತಿದ್ದೆವು. ಒಂಬತ್ತು ಪ್ಲಗಿನ್‌ಗಳಲ್ಲೂ ಅದೇ ನೂರು ಸಾಲು ಕೋಡ್. ನಾನು ಒಂದರಿಂದ ಇನ್ನೊಂದಕ್ಕೆ ಕಾಪಿ ಹೊಡೆಯುತ್ತಿದ್ದೆ.

“ಒಂಬತ್ತ ಚಪಾತಿಗೆ ಒಂಬತ್ತ ಸಲ ಹಿಟ್ಟ ನಾದ್ತಿ ಏನೋ ತಮ್ಮಾ?” ಎಂದು ಬೈದು, ಅಕ್ಕ ಆ ಸಾಲುಗಳನ್ನು ಒಂದೇ ಪೇರೆಂಟ್ ಕ್ಲಾಸಿಗೆ, ಅಂದರೆ ಒಂದು ತಾಯಿ ಫೈಲಿಗೆ ಸೇರಿಸಿದರು. ಒಂಬತ್ತೂ ಅದರ ಮಕ್ಕಳಾದವು. ತಾಯಿಯಲ್ಲಿದ್ದದ್ದು ಅವಕ್ಕೆ ತಾನಾಗಿ ಬರುತ್ತಿತ್ತು.

ಪ್ರತಿ ಫೈಲಿನ ಮೊದಲ ಸಾಲಿನಲ್ಲಿ ಬರೆದವರ ಹೆಸರಿರುತ್ತಿತ್ತು. ನಮ್ಮ ಮ್ಯಾನೇಜರ್ ಆ ತಾಯಿ ಫೈಲಿನಲ್ಲಿ ಅಕ್ಕನ ಹೆಸರು ಅಳಿಸಿ ತನ್ನದು ಹಾಕಿಕೊಂಡ. ಮೇಲಾಗಿ ಅವರಿಗೆ ಬರಬೇಕಿದ್ದ ಟೀಮ್ ಲೀಡ್ ಹುದ್ದೆಯನ್ನು, “ಅವ್ರದು ಅಂತ ಒಂದ್ ಪ್ಲಗಿನ್ನಾದ್ರೂ ಇದ್ಯಾ?” ಎಂದು ಮೀಟಿಂಗಿನಲ್ಲಿ ತಪ್ಪಿಸಿದ. ಮನೆಹಾಳ! ಆ ಸಿಟ್ಟು ನನಗಿನ್ನೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ಇಲ್ಲ. ಆದರೆ ಅವತ್ತು ನಾನೂ ಅಲ್ಲೇ ಇದ್ದೆ. ಎಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ತಿಂಗಳೊಳಗೆ, ಫೋರಂ ನಡೆಸುತ್ತಿದ್ದ ಮೇಡಂ ಎದುರು ಜಂಬ ಕೊಚ್ಚಲು ಹೋಗಿ, ಅವನು ಪೇರೆಂಟ್ ಕ್ಲಾಸಿನಲ್ಲಿ ಒಂದು ಸಾಲು ತಿದ್ದಿದ. ಒಂಬತ್ತೂ ಪ್ಲಗಿನ್‌ಗಳು ಒಟ್ಟಿಗೇ ಮಲಗಿದವು. ಬೆವರುತ್ತಾ ಅಕ್ಕನತ್ತ ನೋಡಿದ. ಅಕ್ಕ ಬಳೆ ಕೆಳಗಿಳಿಸಿದರು.

“ಹೆಸರ ನಿಮ್ದ ಐತಲ್ರಿ ಸರ. ನೀವ ನೋಡ್ರಿ.”

ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಈ ಸಲ ಬಾಯಿ ಬಿಟ್ಟೆ. “ಮೇಡಂ, ಅದು ಅಕ್ಕ ಬರ್ದಿದ್ದು. ಇವ್ರು ಹೆಸ್ರು ಅಳ್ಸಿ ತಮ್ದು ಹಾಕ್ಕೊಂಡಿದಾರೆ.”

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. “ಮೊದ್ಲ ನನ್ನ ಹೆಸರ ಹಾಕ್ರಿ. ನಿಮ್ಮ ಕೈಲೇ ಹಾಕ್ರಿ.”

ಎಲ್ಲರೂ ನೋಡುತ್ತಿದ್ದಂತೆ ಅವನು ಒಂದೊಂದೇ ಅಕ್ಷರ ಕುಟ್ಟಿದ. ಆಮೇಲೆ ಬಳೆ ಮೇಲೇರಿತು; ಎರಡು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಲೀಡ್ ಹುದ್ದೆಯೂ ಅಕ್ಕನಿಗೇ ಬಂತು.

ಕೆಲವು ವರ್ಷಗಳ ನಂತರ ಅಕ್ಕ ಕಾಯಿಲೆ ಬಿದ್ದು ತೀರಿಕೊಂಡರು. ಬೈಯಪ್ಪನಹಳ್ಳಿಯ ಮನೆಗೆ ಆ ಮ್ಯಾನೇಜರೂ ಬಂದಿದ್ದ. ಅಕ್ಕನ ಗಂಡನ ಕೈ ಹಿಡಿದು, “ನಾನೇ ಬೆಳೆಸಿದ ಹುಡುಗಿ ರೀ. ಎಲ್ಲಾ ನಾನೇ ಹೇಳ್ಕೊಟ್ಟಿದ್ದು” ಎಂದ.

ಸಾವಿನ ಮನೆ, ಸುಮ್ಮನಿರಬೇಕಿತ್ತು. ಆದರೆ ಹಿಂದೊಮ್ಮೆ ಸುಮ್ಮನಿದ್ದದ್ದೇ ಸಾಕಾಗಿತ್ತು.

“ಸರ್,” ಎಂದೆ, ಮನೆಯವರಿಗೆಲ್ಲ ಕೇಳುವಂತೆ, “ನೀವು ಮಾಡಿದ್ದು ಅವ್ರ ಹೆಸ್ರು ಟೈಪ್ ಮಾಡಿದ್ದೊಂದೇ.”